ಹೆಬ್ಬೆರಳಿಗೊಂದು ಜಾಗ

ಜನವರಿಯಲ್ಲಿ ಗುರುಗ್ರಾಮಕ್ಕೆ ಏಳು ಗಂಟೆಯಾದರೂ ಸರಿಯಾಗಿ ಬೆಳಕಾಗುವುದಿಲ್ಲ. ಬಾಲ್ಕನಿಯ ಬಾಗಿಲು ತೆರೆದರೆ ಮಂಜು ಹೊಸಿಲು ದಾಟಿ ಒಳಗೇ ಬರುತ್ತದೆ. ಎದುರಿನ ಕಟ್ಟಡದ ನೆತ್ತಿಯ ಕೆಂಪು ದೀಪವೊಂದು ಬಿಟ್ಟರೆ ಊರೇ ಇಲ್ಲ ಎನ್ನಿಸುವ ಹೊತ್ತು. ನಾನು ಐದೂವರೆಗೆ ಎದ್ದು, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಎರಡು ಅರ, ಒಂದು ಸಣ್ಣ ಉಳಿ, ಸೀಮೆಸುಣ್ಣದ ಪುಡಿ ತುಂಬಿದ ಒಂದು ಡಬ್ಬಿ ಇಟ್ಟುಕೊಂಡು ಕೂರುತ್ತೇನೆ. ಕೈಯಲ್ಲಿ ಅಕ್ರೋಟು ಮರದ ಒಂದು ತುಂಡು. ದೂರದಿಂದ ನೋಡಿದವರಿಗೆ ಅದು ಏನೆಂದು ತಿಳಿಯಲಿಕ್ಕಿಲ್ಲ. ಒಂದು ಕಡೆ ಗುಳಿ, ಒಂದು ಕಡೆ ಉಬ್ಬು, ಕೆಳಗೆ ಒಂದು ಪುಟ್ಟ ಕಟ್ಟೆ. ಯಾರೋ ಹಸಿ ಜೇಡಿಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಹಾಗೇ ಬಿಟ್ಟಂತೆ ಕಾಣುತ್ತದೆ.

ಅದು ನನ್ನ ಮೊಮ್ಮಗಳ ಗಾಳಿ ಪಿಸ್ತೂಲಿನ ಹಿಡಿ. ಅವರೆಲ್ಲ ಗ್ರಿಪ್ ಎನ್ನುತ್ತಾರೆ. ನನ್ನ ಬಾಯಿಗೆ ಹಿಡಿ ಎಂದೇ ಬರುತ್ತದೆ. ಪಿಸ್ತೂಲು ಒಳಕೋಣೆಯ ಪೆಟ್ಟಿಗೆಯಲ್ಲಿ ಬೀಗದೊಳಗೆ ಮಲಗಿದೆ. ತಳದ ಒಂದು ತಿರುಪು ಬಿಚ್ಚಿದರೆ ಹಿಡಿ ಕಳಚಿ ಬರುತ್ತದೆ. ಬೆಳಗಿನ ನನ್ನ ಒಡನಾಟವೆಲ್ಲ ಈ ಮರದ ಜೊತೆ ಮಾತ್ರ.

ನಾಗಮಂಗಲದ ಕಡೆಯ ನಮ್ಮೂರಲ್ಲಿ ಅಪ್ಪ ಬಡಗಿ ಕೆಲಸ ಮಾಡುತ್ತಿದ್ದರು. ಬಾಗಿಲು, ತೊಟ್ಟಿಲು ಮಾಡಿದ್ದು ಕಡಿಮೆ, ಕಾವು ಹಾಕಿದ್ದೇ ಹೆಚ್ಚು. ಗುದ್ದಲಿಗೆ ಕಾವು, ಕೊಡಲಿಗೆ ಕಾವು, ಕುಡುಗೋಲಿಗೆ ಹಿಡಿ. ರಾಗಿ ಕೊಯ್ಲಿನ ಮುಂಚೆ ನಮ್ಮ ಜಗಲಿ ತುಂಬ ಕುಡುಗೋಲುಗಳು ಇರುತ್ತಿದ್ದವು. ಅಪ್ಪನಿಗೆ ಒಂದು ಪದ್ಧತಿಯಿತ್ತು. ಕಾವು ಹಾಕಿಸಲು ಬಂದವರನ್ನು ಮೊದಲು ಕೂರಿಸಿ, ಕೈ ಚಾಚಲು ಹೇಳಿ, ಅಂಗೈ ನೋಡುತ್ತಿದ್ದರು. ಜೋಯಿಸರು ನೋಡುವಂತಲ್ಲ, ದಡ್ಡು ಕಟ್ಟಿದ ಜಾಗ ಎಲ್ಲಿದೆ ಎಂದು ಹುಡುಕುತ್ತಿದ್ದರು. ಬೆರಳಿನ ಬುಡದಲ್ಲಿ ದಡ್ಡು ಒಂದೇ ಸಮನಾಗಿದ್ದರೆ ಹಳೆಯ ಕಾವು ಸರಿಯಿತ್ತು. ಒಂದು ಬೆರಳ ಕೆಳಗೆ ಮಾತ್ರ ಗಂಟು ಕಟ್ಟಿದ್ದರೆ ಅಲ್ಲಿ ಕಾವು ಕೈಯನ್ನು ತಿನ್ನುತ್ತಿತ್ತು. ಕೈಯಲ್ಲಿರುವ ಗಂಟನ್ನು ಮರದಲ್ಲಿ ತೆಗೆಯಬೇಕು ಎನ್ನುತ್ತಿದ್ದರು. ಆಗ ನನಗೆ ಎಂಟೋ ಒಂಬತ್ತೋ. ಆ ಮಾತಿನ ಅರ್ಥ ತಿಳಿಯಲು ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾಗಿ, ಮಗಳ ಮನೆಗೆಂದು ಇಷ್ಟು ದೂರ ಬಂದು, ಹದಿನಾಲ್ಕರ ಹುಡುಗಿಯೊಬ್ಬಳ ಅಂಗೈ ನೋಡಬೇಕಾಯಿತು.

ಈ ಸೀಮೆಯಲ್ಲಿ ಮಕ್ಕಳಿಗೆ ಶೂಟಿಂಗ್ ಹುಚ್ಚು ಹತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಮನು ಭಾಕರ್ ಹುಟ್ಟಿದ ಗೋರಿಯಾ ಪಕ್ಕದ ಝಜ್ಜರ್ ಜಿಲ್ಲೆಯ ಹಳ್ಳಿ. 2024ರ ಜುಲೈನಲ್ಲಿ ಆಕೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದಾಗ, ಒಂದನ್ನು ಒಬ್ಬಳೇ, ಇನ್ನೊಂದನ್ನು ಅಂಬಾಲಾದ ಸರಬ್‌ಜೋತ್ ಸಿಂಗ್ ಜೊತೆ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಅದೇ ಮಾತು. ನನಗೆ ಮಾತ್ರ ಅದಕ್ಕೆ ಹಿಂದಿನ ವರ್ಷದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ ಇನ್ನೂ ಹತ್ತಿರ. ಅಲ್ಲಿ ಇದೇ ಸರಬ್‌ಜೋತ್ ಜೊತೆ ನಿಂತು ಬೆಳ್ಳಿ ಗೆದ್ದವಳು ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ 10 ಮೀಟರ್ ಗಾಳಿ ಪಿಸ್ತೂಲಿನಲ್ಲಿ ಬೆಳ್ಳಿ ತಂದಿದ್ದರು. ಮೊಮ್ಮಗಳಿಗೆ ಈ ಹೆಸರುಗಳನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ತಾತ, ಅವರ ಗ್ರಿಪ್ ಯಾವ ಸೈಜು?"

ಮೊದಲ ಹಿಡಿಯನ್ನು ನಾವು ತಪ್ಪಾಗಿ ಆರಿಸಿದೆವು. ಹೊರದೇಶದಿಂದ ಬರುವ ಈ ಹಿಡಿಗಳಲ್ಲಿ ಎಡಗೈಯದು, ಬಲಗೈಯದು ಬೇರೆ ಬೇರೆ, ಅದರಲ್ಲಿ ಮತ್ತೆ ಚಿಕ್ಕದು, ನಡುವಿನದು, ದೊಡ್ಡದು ಎಂಬ ಅಳತೆಗಳು. ಕಾಗದದ ಮೇಲೆ ಅಂಗೈ ಊರಿ, ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದು, ಅಡ್ಡಗಲ ಉದ್ದ ಅಳೆದು ಆರಿಸಬೇಕು. ಅವಳ ಕೈ ಚಿಕ್ಕದಕ್ಕೆ ಸರಿಹೊಂದುತ್ತಿತ್ತು. ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ ಎಂದು ನಾನೇ ನಡುವಿನದನ್ನು ತರಿಸಲು ಹೇಳಿದೆ. ಶಾಲೆಯ ಬೂಟನ್ನು ಒಂದಳತೆ ದೊಡ್ಡದು ತೆಗೆದುಕೊಡುವ ನಮ್ಮ ಮನೆಗಳ ಲೆಕ್ಕ. ಬೂಟಾದರೆ ಮುಂದೆ ಹತ್ತಿ ತುರುಕಬಹುದು. ಹಿಡಿ ದೊಡ್ಡದಾದರೆ ಕೈ ಅದನ್ನು ತಬ್ಬಲಾರದು, ತೋರುಬೆರಳು ಟ್ರಿಗರಿಗೆ ತುದಿಯಿಂದ ಮಾತ್ರ ಎಟಕುತ್ತದೆ, ಹಿಂದಕ್ಕೆ ನೇರ ಎಳೆಯುವ ಬದಲು ಪಕ್ಕಕ್ಕೆ ನೂಕುತ್ತದೆ. ಎರಡು ತಿಂಗಳು ಅವಳ ಗುಂಡುಗಳೆಲ್ಲ ಎಡಕ್ಕೇ ಬಿದ್ದವು. ಮಗು ತನ್ನ ಮನಸ್ಸೇ ಸರಿಯಿಲ್ಲ ಎಂದುಕೊಂಡಿತು. ರಾತ್ರಿ ಬೇಗ ಮಲಗಿತು, ಉಸಿರಾಟದ ಅಭ್ಯಾಸ ಮಾಡಿತು, ಸಿಹಿ ಬಿಟ್ಟಿತು. ತಪ್ಪು ಅಂಗೈ ಮತ್ತು ಮರದ ನಡುವೆ ಕೂತಿತ್ತು. ಈ ಒಂದು ಸಂಗತಿ ನನ್ನನ್ನು ಇಂದಿಗೂ ನೋಯಿಸುತ್ತದೆ. ಉಪಕರಣ ಹೊಂದದಿದ್ದಾಗ ಎಷ್ಟು ಮಕ್ಕಳು ತಮ್ಮನ್ನೇ ಹಳಿದುಕೊಳ್ಳುತ್ತಾರೋ.

ಎಷ್ಟು ಸಣ್ಣ ತಪ್ಪು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಒಂದು ದಿನ ಕೂತು ಲೆಕ್ಕ ಹಾಕಿದೆ. ಬ್ಯಾಂಕಿನವನ ಅಭ್ಯಾಸ. ಪಿಸ್ತೂಲಿನ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಹತ್ತಿರ ಹತ್ತಿರ ಒಂದಡಿ. ಗುರಿ ಇರುವುದು 10 ಮೀಟರ್ ಆಚೆ, ಸುಮಾರು 33 ಅಡಿ. ಇಲ್ಲಿ ಒಂದು ಮಿಲಿಮೀಟರ್ ಸರಿದರೆ ಅಲ್ಲಿ 30 ಮಿಲಿಮೀಟರಿಗೂ ಹೆಚ್ಚು ಸರಿಯುತ್ತದೆ. ಹತ್ತು ಅಂಕದ ಬೊಟ್ಟಿನ ಅಗಲ ಬರೀ 11.5 ಮಿಲಿಮೀಟರ್, ನಮ್ಮ ಅಂಗಿಯ ಗುಂಡಿಯಷ್ಟು. ಅದರ ಸುತ್ತಣ ಒಂದೊಂದು ವೃತ್ತದ ನಡುವೆ 8 ಮಿಲಿಮೀಟರ್. ಒಂದು ಮಿಲಿಮೀಟರ್ ಹತ್ತನ್ನು ಆರಕ್ಕೋ ಏಳಕ್ಕೋ ಇಳಿಸಿಬಿಡುತ್ತದೆ. ಒಂದು ಕಿಲೋದಷ್ಟು ತೂಕವನ್ನು ಒಂದೇ ಕೈಯಲ್ಲಿ ನೀಳವಾಗಿ ಚಾಚಿ, 75 ನಿಮಿಷದಲ್ಲಿ 60 ಸಲ ಇದನ್ನು ಮಾಡಬೇಕು. ಇನ್ನೊಂದು ಕೈ ಜೇಬಿನಲ್ಲಿರುತ್ತದೆ.

ಹಿಡಿಯನ್ನು ಕೈಗೆ ಹೊಂದಿಸುವ ಕೆಲಸ ಹೀಗೆ. ಅವಳು ಅಂಗೈಗೆ ಸುಣ್ಣದ ಪುಡಿ ಸವರಿಕೊಂಡು, ಹಿಡಿಯನ್ನು ಗುರಿ ಹಿಡಿಯುವಷ್ಟೇ ಬಿಗಿಯಲ್ಲಿ ಹಿಡಿದು ಬಿಡುತ್ತಾಳೆ. ಕಂದು ಮರದ ಮೇಲೆ ಬಿಳಿ ಗುರುತು ಮೂಡುತ್ತದೆ. ದಟ್ಟವಾಗಿ ಬಿದ್ದ ಕಡೆ ಮರ ಒತ್ತುತ್ತಿದೆ, ಅಲ್ಲಿ ಅರ ಆಡಿಸಬೇಕು. ಎರಡೇ ಎರಡು ಎಳೆತ. ಮತ್ತೆ ಪುಡಿ, ಮತ್ತೆ ಹಿಡಿತ, ಮತ್ತೆ ನೋಟ. ಸುಣ್ಣ ತಾಗದೆ ಕಪ್ಪಗೆ ಉಳಿದ ಕಡೆ ಗಾಳಿ ಇದೆ. ಅಲ್ಲಿ ಎರಡು ಬಣ್ಣದ ಉಂಡೆ ಕಲಸಿ ಹಚ್ಚುವ ಪುಟ್ಟಿ ಮೆತ್ತಿ, ಹಸಿಯಿದ್ದಾಗಲೇ ಅವಳ ಕೈಯಿಂದ ಒತ್ತಿಸಿ, ಒಣಗಲು ಬಿಡಬೇಕು. ಪುಟ್ಟಿ ಅಂಗೈಗೆ ಅಂಟದಿರಲೆಂದು ಕೊಬ್ಬರಿ ಎಣ್ಣೆ ಸವರುತ್ತೇವೆ. ಅಪ್ಪನ ಕಾಲದಲ್ಲಿ ಈ ಸೌಕರ್ಯ ಇರಲಿಲ್ಲ, ಒಮ್ಮೆ ಕೆತ್ತಿದ್ದು ಕೆತ್ತಿದ ಹಾಗೇ. ಹಾಗಾಗಿ ಅವರು ಕೆತ್ತುವ ಮೊದಲು ಬಹಳ ಹೊತ್ತು ಸುಮ್ಮನಿರುತ್ತಿದ್ದರು. ಪುಟ್ಟಿ ಇದ್ದರೂ ನಾನೂ ಸುಮ್ಮನಿರಲು ಕಲಿಯುತ್ತಿದ್ದೇನೆ.

ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂಬುದಕ್ಕೂ ಒಂದು ಕ್ರಮವಿದೆ. ನಡುಬೆರಳು ಮತ್ತು ಉಂಗುರ ಬೆರಳು ಹಿಡಿಯನ್ನು ನೇರ ಹಿಂದಕ್ಕೆ, ಅಂಗೈಯ ಮಧ್ಯಕ್ಕೆ ಒತ್ತುತ್ತವೆ. ಬಲವೆಲ್ಲ ಅಲ್ಲೇ. ಕಿರುಬೆರಳು ಸುಮ್ಮನೆ ಜೊತೆಗಿರುತ್ತದೆ. ಕೆಳಗಿನ ಕಟ್ಟೆ ಅಂಗೈಯ ಅಂಚಿಗೆ ಆಸರೆ, ಅದನ್ನು ಮೇಲಕ್ಕೆ ಕೆಳಕ್ಕೆ ಸರಿಸಿ ಬಿಗಿಮಾಡಬಹುದು. ತೋರುಬೆರಳಿನ ಬುಡ ಮರಕ್ಕೆ ಉಜ್ಜಬಾರದು, ಉಜ್ಜಿದರೆ ಟ್ರಿಗರ್ ಎಳೆಯುವಾಗ ಪಿಸ್ತೂಲನ್ನೂ ಎಳೆಯುತ್ತದೆ. ಆ ಟ್ರಿಗರ್ ಕೇಳುವುದು ಕನಿಷ್ಠ 500 ಗ್ರಾಂ ಭಾರ, ಅರ್ಧ ಲೀಟರ್ ಹಾಲಿನಷ್ಟು. ಸ್ಪರ್ಧೆಗೆ ಮುಂಚೆ ಆ ತೂಕ ಕಟ್ಟಿ ಪರೀಕ್ಷಿಸುತ್ತಾರೆ. ಹಿಡಿಯನ್ನೂ ನೋಡುತ್ತಾರೆ. ಅದು ಕೈಯನ್ನು ಸುತ್ತಿಕೊಳ್ಳುವಂತೆ ಬಾಗಿರಬಾರದು, ಮಣಿಕಟ್ಟಿಗೆ ಆಸರೆ ಕೊಡಬಾರದು. ಆ ಕೈಗೆ ಗಡಿಯಾರ, ಬಳೆ ಕೂಡ ಬೇಡ. ಹುಟ್ಟಿದಾಗ ಅಜ್ಜಿ ತೊಡಿಸಿದ ಬಳೆಯ ನೆನಪಿಗೆ ಮೊಮ್ಮಗಳು ತೊಡುವ ತೆಳ್ಳನೆಯ ಬೆಳ್ಳಿ ಬಳೆ ಅಭ್ಯಾಸದ ಹೊತ್ತಿನಲ್ಲಿ ನನ್ನ ಸುಣ್ಣದ ಡಬ್ಬಿಯ ಮುಚ್ಚಳದ ಮೇಲೆ ಕೂತಿರುತ್ತದೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ಬಡಗಿಯ ಮಗ ನಾನು, ಮರ ಕೈಗೆ ಬಂದರೆ ನುಣುಪು ಮಾಡದೆ ಇರಲಾರೆ. ಹಳೆ ಗುಡಗಾಂವಿನ ಸದರ್ ಬಜಾರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮರಳು ಕಾಗದಕ್ಕೆ ರೇಗ್ಮಾಲ್ ಎನ್ನಬೇಕು, ಆ ಪದ ಕಲಿತು ತಂದು, ಒಂದು ವಾರ ಉಜ್ಜಿ, ಅಗಸೆ ಎಣ್ಣೆ ಕುಡಿಸಿ, ಹಿಡಿಯನ್ನು ವೀಣೆಯ ಬುರುಡೆಯಂತೆ ಹೊಳೆಯಿಸಿದೆ. ಮಗಳು ಫೋಟೊ ತೆಗೆದಳು. ಮೇ ತಿಂಗಳ ಸೆಕೆಯಲ್ಲಿ ಮೊಮ್ಮಗಳ ಅಂಗೈ ಬೆವತು, ಆ ನುಣುಪಿನ ಮೇಲೆ ಕೈ ನಿಲ್ಲಲೇ ಇಲ್ಲ. ಆಮೇಲೆ ಮೊಳೆಯ ಮೊನೆಯನ್ನು ಚೂಪು ಮಾಡಿ, ಸಣ್ಣ ಸುತ್ತಿಗೆಯಿಂದ ಆ ಹೊಳಪಿನ ಮೇಲೆಲ್ಲ ಚುಕ್ಕಿ ಹೊಡೆದೆ, ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕಿಗಳು, ಒಂದರ ಪಕ್ಕ ಒಂದು. ನಮ್ಮೂರಿಗೆ ಬೀಸುವ ಕಲ್ಲಿಗೆ ಉಳಿ ಹೊಡೆಯಲು ಬರುತ್ತಿದ್ದ ಹೆಂಗಸು ನೆನಪಾದಳು. ಸವೆದು ನುಣ್ಣಗಾದ ಕಲ್ಲು ಬೀಸುವುದಿಲ್ಲ, ಅದಕ್ಕೆ ಮತ್ತೆ ಗಾಯ ಮಾಡಬೇಕು. ಅವಳು ನಡುಮನೆಯಲ್ಲಿ ಕೂತು ಟಕಟಕ ಹೊಡೆಯುವಾಗ ಹಾರುತ್ತಿದ್ದ ಕಲ್ಲಿನ ಹುಡಿಯ ವಾಸನೆ ನನಗೆ ಈ ಹದಿನೇಳನೇ ಮಹಡಿಯಲ್ಲಿ ಬಂದ ಹಾಗಾಯಿತು.

ಮರದ ವಿಷಯಕ್ಕೆ ಬಂದರೆ, ಅಕ್ರೋಟು ಹಗುರ, ಎಳೆ ನಯ, ಅರಕ್ಕೆ ಹಟ ಮಾಡುವುದಿಲ್ಲ. ನನಗೆ ಕೈಯೆಲ್ಲ ತುಡಿಯುವುದು ಇಲ್ಲಿಯ ಮರಕ್ಕೆ. ಅರಾವಳಿಯ ಕಲ್ಲುಗುಡ್ಡಗಳ ಮೇಲೆ ಧೌ ಎಂಬ ಮರವಿದೆ. ನಮ್ಮ ಕಡೆ ಗಾಡಿಯ ಅಚ್ಚಿಗೆ ಬಳಸುತ್ತಿದ್ದ ದಿಂಡಿಗದ ದಾಯಾದಿ ಅದು. ಗಟ್ಟಿ ಮರ, ಅಪ್ಪ ಕಂಡಿದ್ದರೆ ಬಿಡುತ್ತಿರಲಿಲ್ಲ. ಗುರುಗ್ರಾಮಕ್ಕೂ ಫರೀದಾಬಾದಿಗೂ ನಡುವೆ ಮಾಂಗರ್ ಬನಿ ಎಂಬ ಕಣಿವೆಯಲ್ಲಿ ಅದರ ಕಾಡೇ ಉಳಿದಿದೆ. ಅಲ್ಲಿ ಗುದಡಿಯಾ ಬಾಬಾನ ಗುಡಿಯಿದೆ, ಸುತ್ತಲಿನ ಹಳ್ಳಿಗಳವರು ಆ ಕಾಡಿನ ಒಂದು ಕೊಂಬೆಯನ್ನೂ ಕಡಿಯುವುದಿಲ್ಲ. ನಮ್ಮ ಕಡೆಯ ದೇವರ ಕಾಡುಗಳ ಹಾಗೆಯೇ. ಉಳಿದ ಗುಡ್ಡಗಳನ್ನೆಲ್ಲ ವಿಲಾಯತಿ ಕೀಕರ್ ತುಂಬಿದೆ, ನಮ್ಮ ಬಳ್ಳಾರಿ ಜಾಲಿ. ಅದರದೇ ಒಂದು ಒಣಕೊಂಬೆ ತಂದು ಕೆತ್ತಿ ನೋಡಿದೆ. ಭಾರ ಹೆಚ್ಚಾಯಿತು. ಈಗ ಅದು ನಮ್ಮನೆ ಈಳಿಗೆಮಣೆಯ ಕಾಲಾಗಿದೆ.

ನನ್ನ ಹೆಂಡತಿ ಒಂದು ಸಂಜೆ ಕೇಳಿದಳು: "ರೀ, ಮಾವನವರು ಕುಡುಗೋಲಿಗೆ ಹಿಡಿ ಹಾಕ್ತಿದ್ರು. ನೀವು ಪಿಸ್ತೂಲಿಗೆ ಹಾಕ್ತಿದೀರಲ್ಲ."

ಅವಳು ಚುಚ್ಚಲು ಕೇಳಿದ್ದಲ್ಲ. ಮದುವೆ ಮೆರವಣಿಗೆಯ ಸಂಭ್ರಮಕ್ಕೆಂದು ಗಾಳಿಗೆ ಹಾರಿಸಿದ ಗುಂಡು ಯಾರದೋ ಎದೆಗೆ ಬಿದ್ದ ಸುದ್ದಿಯನ್ನು ಈ ಕಡೆಯ ಪತ್ರಿಕೆಗಳಲ್ಲಿ ಇಬ್ಬರೂ ಓದಿದ್ದೆವು. ನಾನು ತಕ್ಷಣ ಉತ್ತರ ಕೊಡಲಿಲ್ಲ. ಗಾಳಿ ಪಿಸ್ತೂಲಿನ 4.5 ಮಿಲಿಮೀಟರಿನ ಸೀಸದ ಗುಂಡು ಕೂಡ ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ಅದನ್ನು ಆಟಿಕೆ ಎಂದು ನಾನು ಯಾವತ್ತೂ ಕರೆದಿಲ್ಲ, ಮೊಮ್ಮಗಳನ್ನೂ ಕರೆಯಲು ಬಿಟ್ಟಿಲ್ಲ. ಬಳಸದ ಹೊತ್ತಿನಲ್ಲಿ ಅದರ ಕೊಳವೆಯೊಳಗೆ ಕಿತ್ತಳೆ ಬಣ್ಣದ ದಾರ ಹಾಯಿಸಿರಬೇಕು, ಮೂತಿ ಗೋಡೆಯ ಕಡೆಗೇ ಇರಬೇಕು. ಇದು ರೇಂಜಿನ ನಿಯಮ, ನಮ್ಮ ಮನೆಯದೂ ಹೌದು. ಕೆಲವು ತಿಂಗಳ ಹಿಂದೆ ಪರಿಚಯದವರೊಬ್ಬರು ತಮ್ಮ ಲೈಸೆನ್ಸ್ ರಿವಾಲ್ವರಿಗೆ ಬೀಟೆ ಮರದ ಚಂದದ ಹಿಡಿ ಮಾಡಿಕೊಡಿ, ಹೆಸರಿನ ಅಕ್ಷರ ಕೆತ್ತಿಕೊಡಿ ಎಂದರು. ಒಳ್ಳೆಯ ದುಡ್ಡನ್ನೂ ಹೇಳಿದರು. ಆಗುವುದಿಲ್ಲ ಎಂದೆ. ಕಾರಣ ಕೇಳಿದರು, ಆ ಹಿಡಿಗೆ ನಾನು ಅಳತೆ ತೆಗೆಯಬೇಕಾದ ಕೈ ಯಾವ ಕೆಲಸಕ್ಕೆ ಚಾಚುತ್ತದೆಂದು ನನಗೆ ಗೊತ್ತಿಲ್ಲ ಎಂದೆ. ಅವರಿಗೆ ಬೇಸರವಾಯಿತು. ನನಗೆ ಹೆಂಡತಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ಇನ್ನೂ ಸಿಕ್ಕಿಲ್ಲ.

ದೆಹಲಿಯ ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳದ್ದೇ ಒಂದು ವಿಭಾಗವಿದೆ. ಅಲ್ಲಿಗೆ ಹೋದಾಗ ಜನ ಅಲಗು ನೋಡುತ್ತಾರೆ, ನಾನು ಹಿಡಿ ನೋಡುತ್ತೇನೆ. ಮೊಗಲರ ಕಾಲದ ಕಠಾರಿಗಳಿಗೆ ಹಸಿರುಕಲ್ಲಿನಲ್ಲಿ ಕಡೆದ ಹಿಡಿಗಳಿದ್ದವು, ಬಾಗಿದ ಕೊರಳಿನಂತೆ. ಅದೇ ಬಾಗು ಈಗ ನನ್ನ ಮೇಜಿನ ಮೇಲಿನ ಅಕ್ರೋಟಿನಲ್ಲೂ ಇದೆ. ಟಿಪ್ಪುವಿನ ಕತ್ತಿಗಳ ಹಿಡಿಯ ತುದಿಯಲ್ಲಿ ಹುಲಿಯ ಮುಖ ಇರುತ್ತಿತ್ತು. ಚೆಲುವಾದ ಕೆಲಸ. ಆದರೆ ಅಂಥ ಹಿಡಿಯಲ್ಲಿ ಒಡೆಯನ ಹೆಮ್ಮೆ ಕಾಣುವಷ್ಟು ಒಡೆಯನ ಅಂಗೈ ಕಾಣುವುದಿಲ್ಲ. ಮೊಮ್ಮಗಳ ಹಿಡಿಯಲ್ಲಿ ಅಲಂಕಾರ ಏನೂ ಇಲ್ಲ. ಅವಳು ಇಲ್ಲದಾಗ ಅದನ್ನು ನೋಡಿದರೆ ಅವಳ ಕೈಯೇ ಅಲ್ಲಿದೆ, ಒಳಮಗ್ಗುಲಾಗಿ. ಅಡಿಗೆಯವನ ಅಚ್ಚಿನಲ್ಲಿ ಸಕ್ಕರೆ ಅಚ್ಚಿನ ಗಿಣಿ ಇರುವ ಹಾಗೆ.

ಅದಕ್ಕೇ ಒಬ್ಬರ ಹಿಡಿ ಇನ್ನೊಬ್ಬರಿಗೆ ಆಗುವುದಿಲ್ಲ. ನಾನು ಹಿಡಿದು ನೋಡಿದರೆ ಎಲ್ಲ ಕಡೆ ಚುಚ್ಚುತ್ತದೆ. ಫರೀದಾಬಾದ್ ಜಿಲ್ಲೆಯ ಬಲ್ಲಭ್‌ಗಢದ ಮನೀಷ್ ನರವಾಲ್‌ಗೆ ಹುಟ್ಟಿನಿಂದಲೇ ಬಲಗೈ ಸರಿಯಿಲ್ಲ. ಎಡಗೈಯಲ್ಲೇ ಹಿಡಿದು 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲಿನಲ್ಲಿ ಚಿನ್ನ, 2024ರಲ್ಲಿ ಪ್ಯಾರಿಸ್‌ನ 10 ಮೀಟರಿನಲ್ಲಿ ಬೆಳ್ಳಿ. ಹಂಗೇರಿಯ ಕಾರೋಯ್ ತಕಾಚ್ ಸೈನಿಕ. 1938ರಲ್ಲಿ ಕೈಬಾಂಬು ಸಿಡಿದು ಗುರಿ ಹಿಡಿಯುವ ಬಲಗೈಯನ್ನೇ ಕಳೆದುಕೊಂಡ. ಎಡಗೈಗೆ ಮೊದಲಿನಿಂದ ಎಲ್ಲವನ್ನೂ ಕಲಿಸಿ, 1948ರಲ್ಲಿ ಲಂಡನ್, 1952ರಲ್ಲಿ ಹೆಲ್ಸಿಂಕಿ, ಎರಡು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ. ಇವರ ಎದೆಗಾರಿಕೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಯೋಚನೆ ಹೋಗುವುದು, ಆ ಎಡಗೈಗೆ ಮೊದಲ ಸಲ ಹೊಂದುವ ಒಂದು ಹಿಡಿಯನ್ನು ಕೆತ್ತಿಕೊಟ್ಟವರ ಕಡೆಗೆ. ಬಲಗೈಯ ಹಿಡಿಯನ್ನು ತಿರುಗಿಸಿದರೆ ಎಡಗೈಯದು ಆಗುವುದಿಲ್ಲ. ಹೊಸ ಮರ, ಹೊಸ ಅಳತೆ, ಮೊದಲಿನಿಂದ.

ಈ ಊರಿಗೆ ಗುರುಗ್ರಾಮ ಎಂದು ಹೆಸರು ಬದಲಾದದ್ದು 2016ರಲ್ಲಿ. ಗುರು ಎಂದರೆ ದ್ರೋಣ, ಪಾಂಡವರು ಕೌರವರು ಬಿಲ್ವಿದ್ಯೆ ಕಲಿತ ಊರು ಇದು ಎಂದು ಇಲ್ಲಿಯವರ ನಂಬಿಕೆ. ಮೆಟ್ರೊ ನಿಲ್ದಾಣವೊಂದಕ್ಕೂ ದ್ರೋಣಾಚಾರ್ಯರ ಹೆಸರಿದೆ. ಊರಂಚಿನ ಕಾದರ್‌ಪುರದ ಸಿಆರ್‌ಪಿಎಫ್ ಆವರಣದಲ್ಲಿ 2010ರ ಕಾಮನ್‌ವೆಲ್ತ್ ಕೂಟದ ದೂರಗುರಿಯ ರೈಫಲ್ ಸ್ಪರ್ಧೆಗಳು ನಡೆದವು. ಬಿಲ್ಲಿನ ಊರಿಗೆ ಬಂದೂಕೂ ಬಂತು. ಇವೆಲ್ಲಕ್ಕಿಂತ ನನ್ನನ್ನು ಸೆಳೆದದ್ದು ಖಾಂಡ್ಸಾ. ಕಾರ್ಖಾನೆಗಳು, ಲಾರಿಗಳು, ತರಕಾರಿ ಮಂಡಿಯ ನಡುವೆ ಆ ಹಳ್ಳಿಯಲ್ಲಿ ಏಕಲವ್ಯನಿಗೆ ಒಂದು ಸಣ್ಣ ಗುಡಿಯಿದೆ. ಅವನು ಕೊಟ್ಟ ಹೆಬ್ಬೆರಳನ್ನು ಹೂತ ಜಾಗ ಅದು ಎನ್ನುತ್ತಾರೆ. ಊರ ತುಂಬ ಗುರುವಿನ ಹೆಸರು, ಶಿಷ್ಯನಿಗೆ ಇಷ್ಟೇ ಜಾಗ. ಕುವೆಂಪು ಅವರ 'ಬೆರಳ್‌ಗೆ ಕೊರಳ್' ನಾಟಕವನ್ನು ಕಾಲೇಜಿನಲ್ಲಿ ಓದಿದವನು ನಾನು. ಅಲ್ಲಿ ಕೈಮುಗಿದಾಗ ಹೆಬ್ಬೆರಳುಗಳು ಎದೆಗೆ ತಾಗಿದ್ದು ಮೊದಲ ಸಲ ಅರಿವಿಗೆ ಬಂತು.

ಅಂದಿನಿಂದ ಹಿಡಿಯ ಆ ಒಂದು ಭಾಗಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಪಿಸ್ತೂಲಿನ ಹಿಡಿಯಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಅದು ಒತ್ತಬಾರದು, ಒತ್ತಿದರೆ ಮೂತಿ ಪಕ್ಕಕ್ಕೆ ಹೊರಳುತ್ತದೆ. ಹಾಗೆಂದು ನೇತಾಡಲೂ ಬಾರದು, ನೇತಾಡಿದರೆ ಕೈಯೆಲ್ಲ ಅದನ್ನು ಹೊರಬೇಕಾಗುತ್ತದೆ. ಮರದಲ್ಲಿ ಒಂದು ಮಣೆಯಷ್ಟು ಜಾಗ ಬಿಟ್ಟು, ಅಲ್ಲಿ ಅದು ಸುಮ್ಮನೆ ಮಲಗುವಂತೆ ಮಾಡಬೇಕು. ಉಳಿದ ನಾಲ್ಕು ಬೆರಳಿಗೆ ದುಡಿಮೆಯ ಜಾಗ ಕೆತ್ತುವುದು ಸುಲಭ. ಐದನೆಯದಕ್ಕೆ ವಿಶ್ರಾಂತಿಯ ಜಾಗ ಕೆತ್ತಲು ನನಗೆ ಮೂರು ತಿಂಗಳು ಹಿಡಿಯಿತು. ಸ್ವಲ್ಪ ಎತ್ತರವಾದರೆ ಬೆರಳು ಸೆಟೆಯುತ್ತಿತ್ತು, ಸ್ವಲ್ಪ ತಗ್ಗಾದರೆ ಒತ್ತಲು ಹವಣಿಸುತ್ತಿತ್ತು. ಸುಮ್ಮನಿರು ಎಂದು ಬೆರಳಿಗೆ ಹೇಳಿದರೆ ಅದು ಕೇಳುವುದಿಲ್ಲ. ಸುಮ್ಮನಿರಲು ಆಗುವಂಥ ಜಾಗ ಕೊಟ್ಟರೆ ತಾನಾಗಿ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಹಿಡಿ ಮುಗಿಯಿತು ಎನ್ನುವಂತಿಲ್ಲ. ಸೆಕೆಗೆ ಕೈ ಊದುತ್ತದೆ, ಚಳಿಗೆ ಕುಗ್ಗುತ್ತದೆ. ಸಂಜೆ ಸರಿಹೊಂದಿದ್ದು ಬೆಳಿಗ್ಗೆ ಸಡಿಲ. ಅದಕ್ಕೇ ನಾನು ಅಳತೆಯನ್ನು ಬೆಳಿಗ್ಗೆಯೇ ತೆಗೆಯುವುದು, ಅವಳ ಸ್ಪರ್ಧೆಗಳೂ ಬಹುಪಾಲು ಬೆಳಿಗ್ಗೆಯೇ. ಮೇಲಾಗಿ ಅವಳು ಬೆಳೆಯುತ್ತಿದ್ದಾಳೆ. ಹೋದ ವರ್ಷ ಕಾಗದದ ಮೇಲೆ ಎಳೆದ ಕೈಯ ಗೆರೆಯ ಮೇಲೆ ಈ ವರ್ಷದ ಕೈ ಇಟ್ಟಳು. ಗೆರೆ ಎಲ್ಲ ಕಡೆಯಿಂದಲೂ ಮುಚ್ಚಿಹೋಯಿತು. ಅಂದು ನಾನು ದೊಡ್ಡದೆಂದು ಸವೆಯಿಸಿದ ಜಾಗಕ್ಕೆಲ್ಲ ಇನ್ನು ಪುಟ್ಟಿ ಮೆತ್ತಬೇಕು. ಅದರಲ್ಲಿ ನನಗೆ ಬೇಸರವಿಲ್ಲ.

ಆರೂ ಮುಕ್ಕಾಲಕ್ಕೆ ಅವಳು ಸ್ವೆಟರಿನ ತೋಳು ಮಡಿಸಿಕೊಂಡು ಬಂದಳು. ಬಳೆ ತೆಗೆದು ಮುಚ್ಚಳದ ಮೇಲಿಟ್ಟಳು. ನಾನು ಹಿಡಿಯನ್ನು ಪಿಸ್ತೂಲಿಗೆ ಕೂರಿಸಿ ತಿರುಪು ಬಿಗಿಮಾಡಿಕೊಟ್ಟೆ. ಗುಂಡಿಲ್ಲದ ಪಿಸ್ತೂಲು, ಎದುರಿಗೆ ಗೋಡೆಗೆ ಅಂಟಿಸಿದ ಬಿಳಿ ಹಾಳೆ, ಹಾಳೆಯ ಮೇಲೆ ಒಂದು ಕಪ್ಪು ಬೊಟ್ಟು. ಕಣ್ಣು ಮುಚ್ಚಿ ತೋಳನ್ನು ನಿಧಾನ ಮೇಲೆತ್ತಿ, ಇಳಿಸಿ, ನಿಲ್ಲಿಸಿ, ಆಮೇಲೆ ಕಣ್ಣು ತೆರೆಯಬೇಕು. ಸೈಟುಗಳು ತಾವಾಗಿ ಒಂದರ ನೇರಕ್ಕೆ ಒಂದು ನಿಂತಿದ್ದರೆ ಹಿಡಿ ಸರಿಯಿದೆ. ಕಣ್ಣು ತೆರೆದ ಮೇಲೆ ಮಣಿಕಟ್ಟು ತಿರುಗಿಸಿ ನೇರ ಮಾಡಿಕೊಳ್ಳಬೇಕಾದರೆ ನನ್ನ ಕೆಲಸ ಬಾಕಿಯಿದೆ.

ಮೂರು ಸಲ ಎತ್ತಿದಳು. ಮೂರನೆಯ ಸಲ ಕಣ್ಣು ತೆರೆದು ಬಹಳ ಹೊತ್ತು ಹಾಗೇ ನಿಂತಳು.

"ಹೇಗಿದೆಯಮ್ಮ?"

"ಗೊತ್ತೇ ಆಗ್ಲಿಲ್ಲ ತಾತ."

"ಏನು ಗೊತ್ತಾಗಲಿಲ್ಲ?"

"ಹಿಡ್ಕೊಂಡಿರೋದು."

ಪಿಸ್ತೂಲಿಗೆ ಕಿತ್ತಳೆ ದಾರ ಹಾಯಿಸಿ ಮೇಜಿನ ಮೇಲಿಟ್ಟು, ಬಳೆ ತೊಟ್ಟುಕೊಂಡು ಹಾಲು ಕುಡಿಯಲು ಒಳಗೆ ಹೋದಳು. ಮಂಜಿನಾಚೆ ಎಲ್ಲೋ ನವಿಲು ಕೂಗಿತು. ಕನ್ನಡಕ ಹಾಕಿಕೊಂಡು ಹಿಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಅಂಗೈಯಲ್ಲಿ ಉಳಿದಿದ್ದ ಪುಡಿ ಎಲ್ಲ ಕಡೆ ಒಂದೇ ಸಮ ಬಿದ್ದಿತ್ತು. ಹೆಬ್ಬೆರಳಿನ ಜಾಗದಲ್ಲಿ ಮಾತ್ರ ಬಹಳ ತೆಳುವಾಗಿ, ಬೆರಳು ಬಂದು ಕೂತು ಎದ್ದುಹೋದಷ್ಟೇ. ಅರವನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟೆ.